ಫೆರೆಟ್ಟಿಗೆ ಮೊಸರನ್ನ

ಮೊದಲೇ ಹೇಳಿಬಿಡುತ್ತೇನೆ, ಆ ಪ್ರಾಣಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಪ್ರಾಣಿಪ್ರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಮುಖ ಸಿಂಡರಿಸಿಕೊಳ್ಳಲಿ, ನನಗೇನೂ ನಷ್ಟವಿಲ್ಲ. ಕಾಲುಚೀಲದಂಥ ಉದ್ದನೆಯ ಮೈ, ಇಲಿಯದೋ ಮುಂಗುಸಿಯದೋ ಎಂದು ತೀರ್ಮಾನಿಸಲಾಗದ ಮುಖ, ಜೊತೆಗೆ ಆ ವಾಸನೆ. ಫೆರೆಟ್ ಅಂತೆ. ದಿಲ್ಲಿಯ ಮಗ್ಗುಲಿನ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಕೂರುವ ಕಾವಲುಗಾರ ಅದನ್ನು ಮೊದಲ ಸಲ ಕಂಡಾಗ “ಮೇಡಂ ಜೀ, ನೇವ್ಲಾ ಪಾಲಾ ಹೈ?” ಎಂದ, ಮುಂಗುಸಿ ಸಾಕಿದ್ದೀರಾ ಅಂತ. ನಾನು ಸಾಕಿಲ್ಲಪ್ಪಾ, ನನ್ನ ತಲೆಗೆ ಕಟ್ಟಿದ್ದಾರೆ ಎಂದು ಹೇಳಬೇಕೆನಿಸಿತು.

ಕಟ್ಟಿದವನು ನನ್ನ ಮಗಳ ಅಪ್ಪ. ನಾವಿಬ್ಬರೂ ಬೇರೆಯಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವನು ಗುರುಗ್ರಾಮದಲ್ಲಿ, ನಾನು ಮತ್ತು ಮಗಳು ಇಲ್ಲಿ. ಮಗಳ ಹದಿನಾರನೆಯ ಹುಟ್ಟುಹಬ್ಬಕ್ಕೆ ನನ್ನನ್ನು ಒಂದು ಮಾತೂ ಕೇಳದೆ ಪಂಜರದ ಸಮೇತ ಆ ಮರಿಯನ್ನು ತಂದು ಬಾಗಿಲಲ್ಲಿ ಇಳಿಸಿ ಹೋದ. ಜೀವ ಇರುವುದನ್ನು ಉಡುಗೊರೆ ಕೊಡುವವರನ್ನು ನಾನು ನಂಬುವುದಿಲ್ಲ. ಕೊಡುವುದು ಒಂದು ಗಂಟೆಯ ಕೆಲಸ, ಕಕ್ಕ ಬಳಿಯುವುದು ವರ್ಷಪೂರ್ತಿ. ಸಂಸಾರದಲ್ಲೂ ಅವನು ಮೊದಲನೆಯ ಕೆಲಸವನ್ನು ತಾನಿಟ್ಟುಕೊಂಡು ಎರಡನೆಯದನ್ನು ನನಗೆ ಬಿಟ್ಟಿದ್ದ.

ಬಂದ ಮೇಲೆ ಗೊತ್ತಾಯಿತು, ಅದು ತಿನ್ನುವುದು ಮಾಂಸವನ್ನು. ಮಾಂಸವನ್ನೂ ಅಲ್ಲ, ಮಾಂಸವನ್ನು ಮಾತ್ರ. ನಾನು ದಾವಣಗೆರೆಯವಳು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮೊಟ್ಟೆ ಎಂಬ ಮಾತನ್ನೂ ಆಡುತ್ತಿರಲಿಲ್ಲ. ದಿಲ್ಲಿಗೆ ಬಂದು ಇಪ್ಪತ್ತು ವರ್ಷ ಕಳೆದರೂ ನನ್ನ ಅಡುಗೆಮನೆ ಮಾತ್ರ ಊರು ಬಿಟ್ಟು ಬಂದಿಲ್ಲ. ಅಂಥ ಮನೆಯ ಫ್ರಿಜ್ಜಿನಲ್ಲಿ ಕೋಳಿಯ ಲಿವರು, ಕೋಳಿಯ ಗುಂಡಿಗೆ! ಮೂರು ದಿನ ಜಗಳವಾಡಿ ಮಗಳೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಕತ್ತರಿಸುವುದು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ, ಹಳೆಯ ಪೇಪರಿನ ಮೇಲೆ. ಅದಕ್ಕೆ ಬೇರೆ ಹಲಗೆ, ಕೆಂಪು ಹಿಡಿಯ ಬೇರೆ ಚಾಕು. ಫ್ರಿಜ್ಜಿನ ತೀರಾ ಕೆಳಗಿನ ಡಬ್ಬಿ ಅದರದ್ದು. ಮಗಳು ಬೆಳಿಗ್ಗೆ ಐದೂವರೆಗೇ ಎದ್ದು ದಿನದ ಪಾಲುಗಳನ್ನೆಲ್ಲ ಕತ್ತರಿಸಿಟ್ಟು ಶಾಲೆಗೆ ಹೋಗುತ್ತಿದ್ದಳು, ಅಲ್ಲಿಂದ ಹಾಗೇ ಕೋಚಿಂಗ್ ಕ್ಲಾಸಿಗೆ. ಮನೆಗೆ ಬರುವಾಗ ಸಂಜೆ ಆರು. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳಾದ್ದರಿಂದ ಮಧ್ಯಾಹ್ನದ ಬಟ್ಟಲು ನನ್ನ ಪಾಲಿಗೆ ಬಂತು. ಇಕ್ಕಳದಲ್ಲಿ ಬಟ್ಟಲನ್ನು ಹಿಡಿದು, ಮುಖ ಆ ಕಡೆ ತಿರುಗಿಸಿ, ಪಂಜರದೊಳಗೆ ತಳ್ಳಿ ಬರುತ್ತಿದ್ದೆ. ನಮ್ಮಿಬ್ಬರ ಸಂಬಂಧ ಅಷ್ಟೇ.

ಬೇಸಿಗೆಯಲ್ಲಿ ಅದಕ್ಕೆ ಎಸಿ ಬೇಕು, ಇಲ್ಲದಿದ್ದರೆ ಸತ್ತೇ ಹೋಗುತ್ತದಂತೆ. ಏಪ್ರಿಲಿನಿಂದ ಹಗಲಿಡೀ ಮಗಳ ಕೋಣೆಯಲ್ಲಿ ಆ ಮಹಾರಾಣಿಗೆ ಎಸಿ. ನಾನು ನಡುಮನೆಯಲ್ಲಿ ಫ್ಯಾನಿನ ಕೆಳಗೆ ಬೆವರುತ್ತಾ ಲ್ಯಾಪ್‌ಟಾಪ್ ಕುಟ್ಟುತ್ತಿದ್ದೆ. ನನ್ನ ಬಾಯಿಗೆ ಬೀಗವಿಲ್ಲ. “ಸಾಯಬಾರದಾ ಈ ಶನಿ” ಎಂದು ದಿನಕ್ಕೆ ನಾಲ್ಕು ಸಲವಾದರೂ ಅನ್ನುತ್ತಿದ್ದೆ, ಮಗಳ ಎದುರಿಗೇ. ಅವಳು “ಅಮ್ಮಾ, ಐಸೇ ಮತ್ ಬೋಲೋ ನಾ” ಎನ್ನುತ್ತಿದ್ದಳು, ಹಾಗನ್ನಬೇಡ ಅಂತ. ದಿಲ್ಲಿಯಲ್ಲೇ ಬೆಳೆದ ಹುಡುಗಿ, ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ. ಅವಳಿಗೆ ಕನ್ನಡ ಬರುವುದು ಜ್ವರ ಬಂದಾಗ ಮಾತ್ರ.

ಹೋದ ವರ್ಷ ಮೇ ತಿಂಗಳಲ್ಲಿ ಅದರ ಹೊಟ್ಟೆ ಕೆಟ್ಟಿತು. ಹಸಿರು ಹಸಿರಾದ ಲೋಳೆಯ ಭೇದಿ. ವಾಸನೆಯ ವಿಚಾರ ಬರೆಯುವುದಿಲ್ಲ, ನೀವು ಊಟ ಮಾಡಬೇಕಲ್ಲ. ಮಗಳು ಅದನ್ನು ಎದೆಗವಚಿಕೊಂಡು ಅತ್ತಳು. ನೋಯ್ಡಾದಲ್ಲಿ ಇಂಥ ವಿಚಿತ್ರ ಪ್ರಾಣಿಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಅಲ್ಲಿಗೆ ಓಡಿದೆವು. ಆಕೆ ಪರೀಕ್ಷೆ ಮಾಡಿ, ಔಷಧಿ ಬರೆದು, ಹಿಂದಿಯಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ಇದರ ಕರುಳು ಬಹಳ ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತದೆ, ಧಾನ್ಯವಾಗಲಿ ಹಣ್ಣಾಗಲಿ ಇದಕ್ಕೆ ಜೀರ್ಣವಾಗುವುದಿಲ್ಲ. ಹಾಲು ಮೊಸರು ಬೇಡ, ಅನ್ನ ರೊಟ್ಟಿ ಬೇಡ. ಹೊಟ್ಟೆ ಕೆಟ್ಟರೂ ಮಾಂಸವೇ, ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ, ನಾಲ್ಕು ಗಂಟೆಗೊಮ್ಮೆ.

ಬರುವಾಗ ಟ್ಯಾಕ್ಸಿಯಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಒಂದು ಮಾತು ಹೇಳಿದಳು. “ಇಸ್ಕೋ ಕುಛ್ ಹುವಾ ನಾ ಅಮ್ಮಾ, ತೋ ಮೈಂ ಪಾಪಾ ಕೇ ಪಾಸ್ ಚಲೀ ಜಾಊಂಗೀ.” ಇದಕ್ಕೇನಾದರೂ ಆದರೆ ಅಪ್ಪನ ಹತ್ತಿರ ಹೋಗಿಬಿಡುತ್ತೇನೆ. ಬೆದರಿಕೆಯಲ್ಲ, ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿದಳು. ಅವಳಪ್ಪ ಆರು ತಿಂಗಳಿಂದ ಕರೆಯುತ್ತಿದ್ದ, ಇಲ್ಲಿ ನಿನಗೆ ದೊಡ್ಡ ಕೋಣೆ ಇದೆ ಬಾ ಎಂದು. ಹೋಗಬೇಡ ಕಣೇ ಎನ್ನಬೇಕಿತ್ತು. ಆದರೆ ಹೊರಗೆ ಬಂದ ಮಾತು ಬೇರೆ. “ಹೋಗು, ಯಾರು ಬೇಡ ಅಂದೋರು” ಎಂದೆ.

ಆ ದಿನದಿಂದ ಆ ಹೊಲಸು ಪ್ರಾಣಿಯ ಹೊಟ್ಟೆ ನನ್ನ ಹೊಟ್ಟೆಯಾಯಿತು. ಮಗಳು ಹೋದರೆ ನಾನು ಯಾರಿಗೆ ಅಡುಗೆ ಮಾಡಲಿ, ಯಾರನ್ನು ಬೈಯಲಿ?

ಈಗ ನನ್ನ ತಪ್ಪಿನ ಕಥೆ. ಹೊಟ್ಟೆ ಕೆಟ್ಟವರಿಗೆ ಮಾಂಸ ಕೊಡು ಎಂದು ಯಾವ ಬುದ್ಧಿವಂತರು ಹೇಳುತ್ತಾರೆ? ಭೇದಿಯಾದಾಗ ಏನು ಕೊಡಬೇಕೆಂದು ನನಗೆ ಆ ಡಾಕ್ಟರಮ್ಮ ಕಲಿಸಬೇಕೇ? ನನ್ನಮ್ಮ ಏಳು ಮಕ್ಕಳನ್ನು, ಬೀದಿಯ ಅರ್ಧ ಜನರನ್ನು, ಒಂದು ಸಲ ಪಕ್ಕದ ಮನೆಯ ಎಮ್ಮೆಕರುವನ್ನೂ ಒಂದೇ ಔಷಧಿಯಲ್ಲಿ ಎಬ್ಬಿಸಿ ಕೂರಿಸಿದ್ದಳು. ಮೆತ್ತಗೆ ಬೆಂದ ಅನ್ನ, ಹುಳಿಯಿಲ್ಲದ ಮೊಸರು, ಅದರಲ್ಲಿ ಒಂದು ಚಮಚ ಮೆಂತ್ಯದ ಕಾಳು. ಅಗಿಯಬಾರದು, ಹಾಗೇ ನುಂಗಬೇಕು. ಕಾಳು ಹೊಟ್ಟೆಯಲ್ಲಿ ಉಬ್ಬಿ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ ಎನ್ನುತ್ತಿದ್ದಳು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದೂ ಅನ್ನುತ್ತಿದ್ದಳು. ಗಾದೆಯ ಎರಡನೆಯ ಅರ್ಧ ನನಗೆ ಬರಲಿಲ್ಲ ಎಂಬುದು ಲೋಕಕ್ಕೇ ಗೊತ್ತು. ಮೊದಲನೆಯ ಅರ್ಧವಾದರೂ ಬರುತ್ತದೆ ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ಮಾಂಸದ ಬಟ್ಟಲನ್ನು ಪೇಪರಿನಲ್ಲಿ ಸುತ್ತಿ, ಲಿಫ್ಟಿನಲ್ಲಿ ಕೆಳಗಿಳಿದು, ಪಾರ್ಕಿಂಗಿನ ಬೆಕ್ಕುಗಳಿಗೆ ಸುರಿದು ಬಂದೆ. ಅದೇ ಬಟ್ಟಲನ್ನು ತೊಳೆದು ಎರಡು ಚಮಚ ಮೊಸರನ್ನ ಕಲಸಿ, ಏಳೆಂಟು ಕಾಳು ಮೆಂತ್ಯ ಸೇರಿಸಿ ಪಂಜರದೊಳಗೆ ಇಟ್ಟೆ. ಅಬ್ಬಾ, ನಾಚಿಕೆಯಿಲ್ಲದ ಪ್ರಾಣಿ! ಬಟ್ಟಲು ಸರಿಯುವ ಹಾಗೆ ನೆಕ್ಕಿತು. ಮೂತಿಗೆಲ್ಲ ಮೊಸರು ಮೆತ್ತಿಕೊಂಡು ಇನ್ನೂ ಇದೆಯಾ ಎಂಬಂತೆ ನನ್ನನ್ನು ನೋಡಿತು. ನೋಡಿದಿರಾ ಡಾಕ್ಟರಮ್ಮಾ, ಎಂದು ಗೋಡೆಗೆ ಹೇಳಿದೆ.

ಎರಡು ದಿನ ಬಿಟ್ಟು ಮಗಳು “ಅಮ್ಮಾ, ಆಜ್ ಥೋಡಾ ಠೀಕ್ ಹೈ!” ಎಂದು ಕುಣಿದಳು, ಇವತ್ತು ಸ್ವಲ್ಪ ಪರವಾಗಿಲ್ಲ ಅಂತ. ಆ ರೋಗ ಒಂದು ದಿನ ಇಳಿದು ಎರಡು ದಿನ ಏರುತ್ತದೆ ಎಂಬುದು ನನಗೇನು ಗೊತ್ತು? ನನ್ನ ಕೈಗುಣ ಎಂದುಕೊಂಡೆ. ಹೇಳಲಿಲ್ಲ. ಪೂರ್ತಿ ಗುಣವಾಗಲಿ, ಆಮೇಲೆ ಎಲ್ಲರ ಮುಖಕ್ಕೆ ಹಿಡಿದು ಹೇಳೋಣ, ಅವಳಪ್ಪನಿಗೂ ಒಂದು ಫೋನು ಹಾಕಿ ಹೇಳೋಣ ಎಂದು ಇಟ್ಟುಕೊಂಡೆ. ಮೊಸರನ್ನದ ಜೊತೆಗೆ ಅರ್ಧ ಬಾಳೆಹಣ್ಣನ್ನೂ ಕಿವುಚಿ ಹಾಕತೊಡಗಿದೆ, ಹೊಟ್ಟೆ ಕಟ್ಟುತ್ತದೆಂದು. ಪಾರ್ಕಿಂಗಿನ ಬೆಕ್ಕುಗಳು ನನ್ನ ಚಪ್ಪಲಿಯ ಸದ್ದಿಗೇ ಓಡಿ ಬರುವಷ್ಟು ದಿನ ಇದು ನಡೆಯಿತು.

ಪ್ರಾಣಿ ಸೊರಗುತ್ತಾ ಹೋಯಿತು. ಬೆನ್ನುಮೂಳೆ ಕೈಗೆ ಸಿಗುತ್ತದೆ ಎಂದು ಮಗಳು ಹೇಳಿದಳು. ಭೇದಿಯಲ್ಲಿ ರವೆ ಕಲಸಿದ ಹಾಗೆ ಸಣ್ಣ ಸಣ್ಣ ಹರಳು ಕಾಣತೊಡಗಿತು. ನಾನು ಯಾರ ಮೇಲೆ ತಪ್ಪು ಹೊರಿಸಲಿ ಎಂದು ಹುಡುಕಿದೆ. ಸಿಕ್ಕವನು ಮಾಂಸದಂಗಡಿಯವನು.

ಆ ಅಂಗಡಿಯೊಳಗೆ ನಾನು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಒಂದು ಶನಿವಾರ ಸಂಜೆ ಮಗಳನ್ನು ಹೊರಗೆ ನಿಲ್ಲಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನುಗ್ಗಿದೆ. ಐದಾರು ಗಿರಾಕಿಗಳಿದ್ದರು. “ಭಯ್ಯಾ, ಕೊಳೆತ ಮಾಂಸ ಮಾರ್ತೀಯಾ? ನಮ್ಮನೆ ಪ್ರಾಣಿ ಸಾಯ್ತಾ ಇದೆ ನಿನ್ನಿಂದ” ಎಂದು ನನ್ನ ದಾವಣಗೆರೆ ಹಿಂದಿಯಲ್ಲಿ ಅಬ್ಬರಿಸಿದೆ. ನಡುವಯಸ್ಸಿನ ಮನುಷ್ಯ, ಕೈ ಒರೆಸಿಕೊಂಡು ನಿಧಾನವಾಗಿ “ಮೇಡಂ, ರೋಜ್ ಸುಬಹ್ ತಾಜಾ ಆತಾ ಹೈ” ಎಂದ, ದಿನಾ ಬೆಳಿಗ್ಗೆ ತಾಜಾ ಬರುತ್ತದೆ ಅಂತ. ಸುಳ್ಳು ಎಂದೆ. ಮುನಿಸಿಪಾಲಿಟಿಗೆ ಬರೆಯುತ್ತೇನೆ ಎಂದೆ. ಇಬ್ಬರು ಗಿರಾಕಿಗಳು ತೂಗಿಸಿದ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಟರು. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ, ಕಿವಿಯವರೆಗೂ ಕೆಂಪಾದ. “ನಾಳೆಯಿಂದ ನಿಮ್ಮ ಮಗಳು ಬಂದಾಗ ಅವಳ ಕಣ್ಣೆದುರೇ ಕತ್ತರಿಸಿ ಕೊಡ್ತೀನಿ” ಎಂದಷ್ಟೇ ಹಿಂದಿಯಲ್ಲಿ ಹೇಳಿದ. ಹೊರಗೆ ಬಂದಾಗ ಮಗಳು ಅವಮಾನದಿಂದ ನೆಲ ನೋಡುತ್ತಿದ್ದಳು. ನನಗೆ ಮಾತ್ರ ಗೆದ್ದು ಬಂದ ಹಾಗಿತ್ತು.

ಅಲ್ಲಿಗೆ ಬಿಟ್ಟೆನೇ? ಡಾಕ್ಟರಮ್ಮನಿಗೆ ಫೋನು ಮಾಡಿ ನಿಮಗೆ ಕೆಲಸ ಗೊತ್ತಿಲ್ಲ ಎಂದೆ. ಮಗಳ ಅಪ್ಪನಿಗೆ ಫೋನು ಮಾಡಿ ನೀನು ಕೊಟ್ಟ ದರಿದ್ರ ನನ್ನ ಮನೆ ಹಾಳು ಮಾಡುತ್ತಿದೆ ಎಂದೆ. ಅವನು “ನಿನ್ನ ಹತ್ತಿರ ಯಾವುದು ತಾನೇ ಬದುಕುತ್ತೆ?” ಎಂದ. ಮೈಯೆಲ್ಲ ಉರಿದುಹೋಯಿತು. ಇದನ್ನು ಬದುಕಿಸಿಯೇ ತೋರಿಸುತ್ತೇನೆ ಎಂದು ಹಟ ಹಿಡಿದು, ಮರುದಿನ ಮೆಂತ್ಯವನ್ನು ಒಂದು ಪೂರ್ತಿ ಚಮಚಕ್ಕೆ ಏರಿಸಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸುವವರು ಇರುತ್ತಾರಲ್ಲ, ನಾನು ಆ ಪಂಗಡ.

ಜೂನ್ ತಿಂಗಳ ಒಂದು ಬುಧವಾರ. ಹೊರಗೆ ಬೆಂಕಿಗಾಳಿ. ಮಧ್ಯಾಹ್ನ ಮೂರಕ್ಕೆ, ಒಂದು ಗಂಟೆಗೆ ಇಟ್ಟ ಬಟ್ಟಲು ತೆಗೆಯಲು ಹೋದರೆ ಬಾಳೆಹಣ್ಣನ್ನೆಲ್ಲ ನೆಕ್ಕಿ ಮುಗಿಸಿ ಅನ್ನ ಬಿಟ್ಟಿತ್ತು. ಪಂಜರದ ಮೂಲೆಯಲ್ಲಿ ಬಿದ್ದುಕೊಂಡಿತ್ತು. ನನ್ನ ಸದ್ದಿಗೆ ಏಳಲು ನೋಡಿತು. ಮುಂಗಾಲು ಎದ್ದವು, ಹಿಂಗಾಲು ಏಳಲಿಲ್ಲ. ನೆಲ ಒರೆಸುವ ಬಟ್ಟೆಯ ಹಾಗೆ ಹಿಂದಿನ ಅರ್ಧ ಮೈಯನ್ನು ಎಳೆದುಕೊಂಡು ಬಾಗಿಲ ಹತ್ತಿರ ಬಂತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಾಯಿಯನ್ನು ತನ್ನ ಕೈಯಿಂದಲೇ ಪರಚಿಕೊಳ್ಳುತ್ತಿತ್ತು.

ಬೈದಿದ್ದ ಡಾಕ್ಟರಿಗೇ ಫೋನು ಮಾಡಿದೆ. ಆಕೆ ಹಳೆಯದೇನೂ ಎತ್ತಲಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರಬೇಕು, ಒಂದು ತೊಟ್ಟು ಜೇನುತುಪ್ಪ ತೆಗೆದುಕೊಂಡು ವಸಡಿಗೆ ಸವರಿ, ಗಂಟಲಿಗೆ ಸುರಿಯಬೇಡಿ, ಈಗಲೇ ಕರೆತನ್ನಿ ಎಂದರು. ಇಕ್ಕಳ ಹುಡುಕಿದೆ. ಇಕ್ಕಳದಲ್ಲಿ ಜೇನುತುಪ್ಪ ಸವರಲಾಗುತ್ತದೆಯೇ? ಕೈಹಾಕಿ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ. ಒಂದು ವರ್ಷ ಮನೆಯಲ್ಲಿದ್ದ ಪ್ರಾಣಿಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಭಾರವೇ ಇರಲಿಲ್ಲ. ಬೆರಳಿಗೆ ಚುಚ್ಚುವ ಆ ಪುಟ್ಟ ಹಲ್ಲುಗಳ ನಡುವೆ ಜೇನು ಸವರುತ್ತಾ “ಸಾಯಬೇಡ ಶನಿಯೇ, ಸಾಯಬೇಡ, ನನ್ನ ಮಗಳು ಹೋಗಿಬಿಡ್ತಾಳೆ” ಎಂದು ಬಡಬಡಿಸಿದೆ. ನಿಜ ಹೇಳಬೇಕೆಂದರೆ ನಾಲ್ಕನೆಯ ಸಲ ಸಾಯಬೇಡ ಎನ್ನುವಾಗ ಮಗಳ ನೆನಪೂ ಇರಲಿಲ್ಲ, ಅದು ಸಾಯಬಾರದು ಎಂದಷ್ಟೇ ಇತ್ತು.

ಒದ್ದೆ ಟವೆಲಿನಲ್ಲಿ ಸುತ್ತಿ ಟ್ಯಾಕ್ಸಿ ಹತ್ತಿದೆ. ಮಗಳಿಗೆ ಫೋನು ಮಾಡಿದ್ದೆ. ಅವಳ ಕೋಚಿಂಗ್ ಕ್ಲಾಸು ನೋಯ್ಡಾದಲ್ಲೇ ಇದ್ದುದರಿಂದ ನಾನು ಕ್ಲಿನಿಕ್ಕಿಗೆ ಮುಟ್ಟುವ ಹೊತ್ತಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಿಂದ ಟವೆಲನ್ನು ಕಿತ್ತುಕೊಂಡು ಒಳಗೆ ಓಡಿದಳು.

ಡಾಕ್ಟರಮ್ಮ ಕಾಲಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರು. ಸಕ್ಕರೆ ಪಾತಾಳದಲ್ಲಿತ್ತು. ಸೂಜಿಯಿಂದ ಗ್ಲೂಕೋಸು ಏರಿಸಿದರು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಇದು ಮಾಂಸ ಮಾತ್ರ ತಿನ್ನುತ್ತಿದ್ದರೆ ಸಕ್ಕರೆ ಹೀಗೆ ಬೀಳುವುದಕ್ಕೆ ಹೆಚ್ಚಾಗಿ ಒಂದೇ ಕಾರಣ, ಮೇದೋಜೀರಕದಲ್ಲಿ ಗಡ್ಡೆ. ಈ ಎಳೆಯ ವಯಸ್ಸಿಗೆ ಆಗುವುದು ಅಪರೂಪ, ಆದರೆ ಆಗುತ್ತದೆ. ಹಾಗಾದರೆ ಇವತ್ತೇ ಬಲವಾದ ಔಷಧಿ ಶುರು ಮಾಡಬೇಕು, ಸಿರಿಂಜಿನಲ್ಲಿ ಮಾಂಸದ ಗಂಜಿ ಒಳಗೆ ತಳ್ಳಬೇಕು, ಸ್ವಲ್ಪ ಚೇತರಿಸಿಕೊಂಡರೆ ಆಪರೇಷನ್. “ಬೇರೆ ಏನಾದರೂ ತಿಂದಿದೆಯಾ? ಏನೇ ಆಗಿರಲಿ, ಹೇಳಿ.”

ಮಗಳು ತಟ್ಟನೆ “ನಹೀಂ ಡಾಕ್ಟರ್, ಸಿರ್ಫ್ ಚಿಕನ್. ಮೈಂ ಖುದ್ ಕಾಟ್‌ತೀ ಹೂಂ” ಎಂದಳು, ಬರೀ ಕೋಳಿ, ನಾನೇ ಕತ್ತರಿಸಿ ಇಡುತ್ತೇನೆ ಅಂತ. ಅಷ್ಟು ಭರವಸೆಯಿಂದ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಸುಮ್ಮನಿರಬಹುದಿತ್ತು. ಮನೆಗೆಲಸದವಳ ಮೇಲೆ ಹಾಕಬಹುದಿತ್ತು, ಅದೂ ತಲೆಯಲ್ಲಿ ಬಂದು ಹೋಯಿತು. ನನಗೆ ಸುಳ್ಳು ಕಷ್ಟವಲ್ಲ. ಅಷ್ಟರಲ್ಲಿ ಡಾಕ್ಟರಮ್ಮನ ಸಹಾಯಕಿ ಮೇಜಿನ ಮೇಲೆ ಸಿರಿಂಜು ಸಿದ್ಧಮಾಡಿದಳು. ಒಂದು ಚಮಚ ಮೆಂತ್ಯ ನೀರು ಕುಡಿದು ಎಷ್ಟು ಉಬ್ಬುತ್ತದೆ ಎಂದು ನನಗೆ ಗೊತ್ತು. ದಿನಾ ದೋಸೆಗೆ ನೆನೆಹಾಕುವವಳು ನಾನು. ಆ ಬೆರಳು ಗಾತ್ರದ ಹೊಟ್ಟೆಯೊಳಗೆ ಅದು ಉಬ್ಬಿ ಕೂತಿದ್ದರೆ, ಅದರ ಮೇಲೆ ಇನ್ನೂ ಗಂಜಿ ತಳ್ಳಿದರೆ?

“ನಿಲ್ಸಿ” ಎಂದೆ. ಕನ್ನಡದಲ್ಲೇ ಬಂತು. ಆಮೇಲೆ ಹಿಂದಿಯಲ್ಲಿ, ಜಗಳವಾಡುವ ದನಿಯಲ್ಲೇ, ಬೇರೆ ದನಿ ನನಗೆ ಬರಲಿಲ್ಲ, ಎಲ್ಲ ಹೇಳಿದೆ. ಅನ್ನ, ಮೊಸರು, ಬಾಳೆಹಣ್ಣು. ಒಂದು ತಿಂಗಳಿಂದ, ದಿನಾ ಮಧ್ಯಾಹ್ನ. ಮೆಂತ್ಯವನ್ನೂ ಹೇಳಿದೆ.

“ಮೇಥೀ ದಾನಾ? ಸಾಬುತ್?” ಎಂದು ಡಾಕ್ಟರಮ್ಮ ಎದ್ದೇ ನಿಂತರು. ಇಡೀ ಕಾಳೇ ಎಂದು ಕೇಳುತ್ತಿದ್ದರು. ಹೌದೆಂದೆ. ಸಿರಿಂಜನ್ನು ಆಚೆ ಸರಿಸಿ ಎಕ್ಸ್‌ರೇ ಕೋಣೆಗೆ ಹೊತ್ತುಕೊಂಡು ಓಡಿದರು.

ಕೋಣೆಯಲ್ಲಿ ನಾನು ಮತ್ತು ಮಗಳು ಉಳಿದೆವು. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಅಪರಿಚಿತರನ್ನೂ ಹಾಗೆ ನೋಡುವುದಿಲ್ಲ. ಆಮೇಲೆ ಜ್ವರವಿಲ್ಲದೆಯೇ ಕನ್ನಡದಲ್ಲಿ ಕೇಳಿದಳು. “ಅದು ಸಾಯ್ಲಿ ಅಂತಾನೇ ಕೊಟ್ಟೆಯಾ ಅಮ್ಮಾ?”

“ಇಲ್ಲ ಕಣೇ! ವಾಸಿ ಆಗ್ಲಿ ಅಂತ! ನಿಂಗೆ ಹುಷಾರಿಲ್ದೆ ಇದ್ದಾಗ ಕೊಡೋದನ್ನೇ ಕೊಟ್ಟೆ!”

“ದಿನಾ ಸಾಯ್ಲಿ ಅಂತಿದ್ದೆ.”

“ಅದು ಬಾಯಿ ಮಾತು.”

“ನಂಗೆ ಹೇಗೆ ಗೊತ್ತಾಗ್ಬೇಕು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಒಂದು ವರ್ಷ ನಾಲ್ಕು ಹೊತ್ತೂ ಸಾಯಲಿ ಎಂದವಳು, ಬದುಕಲಿ ಎಂದು ಕದ್ದು ಕೊಟ್ಟೆ ಎಂದರೆ ಯಾವ ನ್ಯಾಯಾಧೀಶ ನಂಬುತ್ತಾನೆ? ನನ್ನ ಮಗಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕರುಳು ಪೂರ್ತಿ ಕಟ್ಟಿರಲಿಲ್ಲ. ಐದು ದಿನ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡರು. ಕಾಳುಗಳು ಒಂದೊಂದಾಗಿ ಹೊರಗೆ ಬಂದವಂತೆ. ಗಡ್ಡೆಯಿರಲಿಲ್ಲ. ಜೀರ್ಣವಾಗದ ಅನ್ನದಿಂದ ಕರುಳು ಬಾತಿತ್ತು, ಬಾಳೆಹಣ್ಣಿನ ಸಿಹಿಗೆ ಸಕ್ಕರೆ ಒಮ್ಮೆಲೇ ಏರಿ ಒಮ್ಮೆಲೇ ಬಿದ್ದಿತ್ತು. ನೀವು ಹೇಳದೆ ಇದ್ದಿದ್ದರೆ ನಾನೇ ಗಂಜಿ ತಳ್ಳಿ ಕೊಲ್ಲುತ್ತಿದ್ದೆ ಎಂದರು ಡಾಕ್ಟರಮ್ಮ. ಹೊಗಳಿದರೋ ಬೈದರೋ ತಿಳಿಯಲಿಲ್ಲ. ನಾನು ಹೂಂ ಎಂದೆ.

ಮಗಳು ಅಪ್ಪನ ಮನೆಗೆ ಬಟ್ಟೆ ಕಟ್ಟಿದಳು. ಎರಡು ಸೂಟ್‌ಕೇಸು ಬಾಗಿಲ ಹತ್ತಿರ ಒಂದು ರಾತ್ರಿ, ಒಂದು ಹಗಲು ನಿಂತಿದ್ದವು. ನಾನು ಕಾಲು ಹಿಡಿಯಲಿಲ್ಲ, ಹಿಡಿಯುವ ಜಾತಿಯವಳಲ್ಲ. “ಮಾಂಸ ನಾನೇ ಕತ್ತರಿಸ್ತೀನಿ. ಮಧ್ಯಾಹ್ನದ್ದು ನಾನೇ ತಿನ್ನಿಸ್ತೀನಿ. ನಂಬೋದು ಬಿಡೋದು ನಿನ್ನಿಷ್ಟ” ಎಂದೆ. ಅವಳು ತನ್ನ ಹಳೆಯ ಫೋನನ್ನು ತಂದು ಪಂಜರದ ಎದುರಿನ ಪುಸ್ತಕದ ಶೆಲ್ಫಿನಲ್ಲಿ ನಿಲ್ಲಿಸಿ, ಚಾರ್ಜರಿಗೆ ಸಿಕ್ಕಿಸಿದಳು. ಕ್ಲಾಸಿನಲ್ಲಿ ಕೂತು ತನ್ನ ಫೋನಿನಲ್ಲಿ ಇದೆಲ್ಲವನ್ನೂ ನೋಡಬಹುದಂತೆ. ಬಟ್ಟಲನ್ನು ಮೊದಲು ಕ್ಯಾಮೆರಾಗೆ ತೋರಿಸಬೇಕು, ಆಮೇಲೆ ಒಳಗಿಡಬೇಕು. ಅಚ್ಛಾ, ಎಂದೆ. ನನ್ನ ಮನೆಯಲ್ಲಿ ನನ್ನ ಮೇಲೆ ಕಾವಲು! ಸೂಟ್‌ಕೇಸು ಒಳಗೆ ಹೋದವು.

ಮಾಂಸದಂಗಡಿಗೂ ಹೋದೆ. ಜನ ಇರುವ ಹೊತ್ತು ನೋಡಿಯೇ ಹೋದೆ, ಬೈದದ್ದು ಜನರೆದುರು ತಾನೇ. “ಭಯ್ಯಾ, ನಿನ್ನ ಮಾಂಸ ಚೆನ್ನಾಗೇ ಇತ್ತು. ತಪ್ಪು ನನ್ನದು” ಎಂದು ಎಲ್ಲರಿಗೂ ಕೇಳುವ ಹಾಗೆ ಅದೇ ಹಿಂದಿಯಲ್ಲಿ ಅಬ್ಬರಿಸಿದೆ. ಅವನು ನಗಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಅವನಿಗೂ ಸಿಟ್ಟು ಇರಬೇಕಲ್ಲ. “ನೇವ್ಲಾ ಕೈಸಾ ಹೈ?” ಎಂದು ಮುಂಗುಸಿಯ ಆರೋಗ್ಯವಷ್ಟೇ ಕೇಳಿ, ಲಿವರು ಯಾವುದು ಗುಂಡಿಗೆ ಯಾವುದು ಎಂದು ಬೆರಳಿಟ್ಟು ತೋರಿಸಿದ.

ಮೊದಲ ವಾರ ಬಾಲ್ಕನಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ಕೆಂಪು ಹಿಡಿಯ ಚಾಕು ನನ್ನ ಕೈಗೆ ಒಗ್ಗಲು ತಿಂಗಳು ಹಿಡಿಯಿತು. ದಿನಾ ಒಂದು ಗಂಟೆಗೆ ಫೋನಿನೆದುರು ನಿಂತು ಬಟ್ಟಲು ಎತ್ತುತ್ತಿದ್ದೆ. “ನೋಡ್ಕೋ ತಾಯಿ, ಇದು ಲಿವರು, ಇದು ಗುಂಡಿಗೆ. ಅನ್ನ ಇದೆಯಾ? ಇಲ್ಲ. ಮೆಂತ್ಯ ಇದೆಯಾ? ಹುಡುಕ್ಕೋ” ಎಂದು ಬೈಯುತ್ತಿದ್ದೆ. ಆ ಶನಿ ಪಂಜರದಲ್ಲಿ ನಿಂತು ಇಬ್ಬರನ್ನೂ ನೋಡುತ್ತಿತ್ತು. ಭೇದಿ ನಿಂತಿತು, ಮೈ ತುಂಬಿಕೊಂಡಿತು, ವಾಸನೆ ಮಾತ್ರ ಹಾಗೇ ಉಳಿಯಿತು. ಮಗಳು ಮನೆಯಲ್ಲಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಮಳೆಗಾಲ ಮುಗಿಯಿತು, ಗಣೇಶನ ಹಬ್ಬ ಕಳೆಯಿತು, ದಸರಾ ಬಂತು. ಬಟ್ಟಲು ತೋರಿಸುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ.

ದೀಪಾವಳಿಗೆ ಮನೆ ಗುಡಿಸುವಾಗ ಆ ಫೋನಿನ ಗಾಜಿನ ಮೇಲೆ ಧೂಳು ದಪ್ಪಗೆ ಕೂತಿದ್ದು ಕಂಡೆ. ಭಾನುವಾರ. ಮಗಳು ಮಂಚದ ಮೇಲೆ ಪುಸ್ತಕ ಹರಡಿಕೊಂಡಿದ್ದಳು. “ಬಂದು ನಿನ್ನ ಕ್ಯಾಮೆರಾ ಒರೆಸ್ಕೊಳೇ. ಮಸುಕಾಗಿ ಕಂಡ್ರೆ ಮತ್ತೆ ನನ್ನ ಮೇಲೆ ಅನುಮಾನ ಪಡ್ತೀಯ” ಎಂದೆ.

ಅವಳು ತಲೆಯೆತ್ತದೆ “ವೋ ತೋ ಬಂದ್ ಹೈ ಅಮ್ಮಾ” ಎಂದಳು.

“ಬಂದ್? ಯಾವತ್ತಿಂದ?”

“ಗಣೇಶನ ಹಬ್ಬಕ್ಕಿಂತ ಪಹಲೇ ಸೇ.”

ಗುಂಡಿ ಒತ್ತಿ ನೋಡಿದೆ. ಬೆಳಕು ಬರಲಿಲ್ಲ. ಚಾರ್ಜರಿನ ವೈರು ಶೆಲ್ಫಿನ ಹಿಂದೆ ಯಾವುದಕ್ಕೂ ಸಿಕ್ಕಿಸದೆ ನೇತಾಡುತ್ತಿತ್ತು. ಎರಡು ತಿಂಗಳು! ಎರಡು ತಿಂಗಳು ಹುಚ್ಚಿಯ ಹಾಗೆ ಸತ್ತ ಫೋನಿಗೆ ಬಟ್ಟಲು ಎತ್ತಿ ತೋರಿಸಿದ್ದೆ, ಅದರೊಡನೆ ಜಗಳವಾಡಿದ್ದೆ. ಕೈಲಿದ್ದ ಪೊರಕೆಯನ್ನು ನೆಲಕ್ಕೆ ಬಡಿದು ಕೂಗಾಡಿದೆ. “ಹೇಳೋಕೆ ನಿನ್ನ ಬಾಯಿಗೇನು ಬಂದಿತ್ತೇ ರೋಗ? ನನ್ನನ್ನ ಏನು ಅಂದ್ಕೊಂಡಿದ್ದೀಯ? ಯಾಕೆ ಬಂದ್ ಮಾಡಿದೆ?”

ಅವಳು ಆಗ ತಲೆಯೆತ್ತಿದಳು. ಸ್ವಲ್ಪ ಹುಡುಕಿಕೊಂಡು, ಕನ್ನಡದಲ್ಲಿ ಹೇಳಿದಳು. “ನೋಡ್ಬೇಕು ಅನ್ನಿಸ್ಲಿಲ್ಲ ಅಮ್ಮಾ.”

ಮತ್ತೆ ಪುಸ್ತಕಕ್ಕೆ ಮುಖ ಹಾಕಿದಳು. ನಾನು ಬಾಲ್ಕನಿಗೆ ಹೋಗಿ ಆ ಕೆಂಪು ಹಿಡಿಯ ಚಾಕು ತೊಳೆದೆ. ಬೆಳಿಗ್ಗೆಯೇ ತೊಳೆದಿಟ್ಟಿದ್ದ ಚಾಕು. ಅಳು ಬಂತು, ಚೆನ್ನಾಗಿ ಅತ್ತೆ, ನಲ್ಲಿ ಜೋರಾಗಿ ಬಿಟ್ಟುಕೊಂಡು. ಕಣ್ಣೊರೆಸಿಕೊಂಡು ಒಳಗೆ ಬಂದರೆ ಆ ಶನಿ ಪಂಜರದ ಕಂಬಿ ಹಿಡಿದು ನಿಂತು ನನ್ನ ಕೈಯನ್ನೇ ನೋಡುತ್ತಿತ್ತು.

“ಏನು ನೋಡ್ತೀಯ? ಇನ್ನೂ ಗಂಟೆ ಒಂದಾಗಿಲ್ಲ” ಎಂದು ಗದರಿದೆ.